ಇನ್ಸ್‌ಪೆಕ್ಟರಮ್ಮನ ನಗು ಕಾಣೆಯಾದದ್ದು

ನಗು ಕಾಣೆಯಾಗಿದೆ ಎಂದು ಮೊದಲು ಗೊತ್ತಾದದ್ದು ಹಲ್ಲಣ್ಣನ ಅಂಗಡಿಯಲ್ಲಿ, ಬೆಳಿಗ್ಗೆ ಬಾಗಿಲು ತೆರೆದು ಇನ್ನೂ ಕಸ ಗುಡಿಸುವ ಮೊದಲೇ.

ಹಲ್ಲಣ್ಣ ಎಂದರೆ ಹಲ್ಲುಸೆಟ್ ಮಾಡುವವನು. ಡಾಕ್ಟರು ಕೀಳುತ್ತಾರೆ, ಇವನು ಕಟ್ಟುತ್ತಾನೆ. ಆ ಬೀದಿಯ ಅರ್ಧ ಜನ ಇವನು ಕಟ್ಟಿದ ಹಲ್ಲಿನಲ್ಲಿ ಉಣ್ಣುತ್ತಿದ್ದರು. ಇನ್ನರ್ಧ ಜನ ಅದೇ ಹಲ್ಲು ಕಡಿಯುತ್ತಾ ಇವನನ್ನು ಬೈಯುತ್ತಿದ್ದರು.

ಅಂದು ಮೇಜಿನ ಮೇಲೆ ಗುಲಾಬಿ ಬಣ್ಣದ ಮೇಣದ ವಸಡು ಸಿದ್ಧವಾಗಿತ್ತು. ಹಲ್ಲು ನೆಡುವುದೊಂದೇ ಬಾಕಿ. ಎದುರಿನ ಕುರ್ಚಿಯಲ್ಲಿ ನಿವೃತ್ತ ಇನ್ಸ್‌ಪೆಕ್ಟರಮ್ಮ ಬಾಯಿಗೆ ಕರವಸ್ತ್ರ ಅಡ್ಡ ಹಿಡಿದು ಕೂತಿದ್ದರು. ಸರ್ವೀಸಿನಲ್ಲಿದ್ದಾಗ ಊರಿನ ಪುಂಡರೆಲ್ಲ ಇವರನ್ನು ಕಂಡರೆ ಬಾಲ ಮುದುರುತ್ತಿದ್ದರು. ಈಗ ಕಾನೂನಿಗೆ ಹಲ್ಲಿರಲಿಲ್ಲ.

"ಮೇಡಂ ಫೋಟೋ ತೋರ್ಸೋ" ಎಂದ ಹಲ್ಲಣ್ಣ, ತಮ್ಮನಿಗೆ.

ತಮ್ಮ ಕ್ಯಾಮೆರಾದ ಪರದೆಯ ಮೇಲೆ ಬೆರಳಾಡಿಸಿದ. ಮುಂದೆ. ಹಿಂದೆ. ಮತ್ತೆ ಮುಂದೆ. ಮುಖ ಸಣ್ಣಗಾಯಿತು.

"ಇಲ್ವಲ್ಲ ಅಣ್ಣ."

"ಇಲ್ಲ ಅಂದ್ರೆ?"

"ಮೇಡಂ ಬಂದ ಹಿಂದಿನ ದಿನದ ತಾತನ ಬಾಯಿದೆ. ಮೇಡಂ ಬಂದ ದಿನಾನೇ ಸಂಜೆ ಬಂದ ಡ್ರೈವರ್ ಬಾಯಿದೆ. ನಡುವೆ ಮೇಡಂ ಬಾಯಿ ಇಲ್ಲ."

ಇಲ್ಲಿ ಒಂದು ವಿಷಯ ಹೇಳಬೇಕು. ಸಾಮಾನ್ಯವಾಗಿ ಹಲ್ಲು ಕೀಳುವ ಮೊದಲೇ ಬಾಯಿಯ ಅಚ್ಚು ತೆಗೆದಿಡುತ್ತಾರೆ. ಇನ್ಸ್‌ಪೆಕ್ಟರಮ್ಮನ ಮುಂದಿನ ಹಲ್ಲುಗಳು ಎಷ್ಟು ಅಲ್ಲಾಡುತ್ತಿದ್ದವೆಂದರೆ, ಅಚ್ಚು ಎಳೆದರೆ ಅಚ್ಚಿನ ಜೊತೆ ಹಲ್ಲೂ ಬರುತ್ತಿತ್ತು. ಹಾಗಾಗಿ ಫೋಟೋ ಒಂದೇ ಗತಿ. ಕಿತ್ತ ದಿನ ಬೆಳಿಗ್ಗೆ ತೆಗೆದ ಫೋಟೋ ನೋಡಿಕೊಂಡು, ವಸಡು ಮಾಗಿದ ಮೇಲೆ, ಅದೇ ಥರ ಕಟ್ಟಿಕೊಡುವುದೆಂದು ಮಾತಾಗಿತ್ತು. ಕಿತ್ತ ಹಲ್ಲು ಡಾಕ್ಟರ ಕಸದ ಬುಟ್ಟಿ ದಾಟಿ ಎಂದೋ ಹೋಗಿತ್ತು.

"ಬೇರೆ ಫೋಟೋ ಇದ್ರೆ ಕೊಡಿ ಮೇಡಂ, ಮದುವೇದು, ಮನೇದು..."

"ಎಲ್ಲದರಲ್ಲೂ ಬಾಯಿ ಮುಚ್ಚಿದ್ದೀನಿ." ಹಲ್ಲಿಲ್ಲದ ಬಾಯಿಂದ ಮಾತಿನ ಜೊತೆ ಗಾಳಿಯೂ ಬಂತು. "ಯೂನಿಫಾರಂ ಹಾಕ್ಕೊಂಡು ಹಲ್ಲು ಕಿರಿಯೋ ಹಾಗಿರಲಿಲ್ಲ. ಆಮೇಲೆ ಅದೇ ಅಭ್ಯಾಸ ಆಗೋಯ್ತು. ನಾನು ನಕ್ಕಿದ್ದು ನೋಡಿರೋರು ನಮ್ಮ ಯಜಮಾನ್ರು ಒಬ್ರೇ."

ಹಲ್ಲಣ್ಣ ತಮ್ಮನ ಕಡೆ ತಿರುಗಿದ. "ಏನ್ ಮಾಡ್ದೆ ಹೇಳೋ."

"ತೆಗ್ದೆ ಅಣ್ಣ. ನಾಲ್ಕೋ ಐದೋ ತೆಗ್ದೆ. ಆಮೇಲೆ ಜಾಗ ತುಂಬಿದೆ ಅಂತ ಅದೇ ಹೇಳ್ತು. ಸಾಕಲ್ಲ ಅಂತ ಬಿಟ್ಟೆ."

"ತುಂಬಿತ್ತಾ? ಊರೋರ ಬಾಯನ್ನೆಲ್ಲ ನುಂಗೋ ಮೆಮೊರಿ ಕಾರ್ಡು, ನಾಲ್ಕು ಫೋಟೋಗೆ ತುಂಬಿತ್ತಾ? ಅವತ್ತು ಸಂಜೆ ಡ್ರೈವರ್ ಬಾಯಿ ಹೇಗೆ ಹಿಡಿಸ್ತು ಮತ್ತೆ?"

"ಅದು ಗೊತ್ತಿಲ್ಲ."

"ನಂಗೊತ್ತು. ಹಿಂದೆ ನಿನ್ನ ಸ್ನೇಹಿತನ ಬೈಕ್ ಫೋಟೋಗೆ ಜಾಗ ಬೇಕು ಅಂತ ಒಬ್ರ ದವಡೆ ಅಳಿಸಿರಲಿಲ್ವಾ? ಅದೇ ಬುದ್ಧಿ."

"ಅದು ಆಗ. ಒಪ್ಕೊಂಡಿದ್ದೆ. ಇದು ನಾನಲ್ಲ."

"ಸುಳ್ಳು ಹೇಳೋದಾದ್ರೂ ಅಗಿಯೋಕೆ ಆಗೋ ಅಂಥದ್ದು ಹೇಳೋ! ಇನ್ಮೇಲೆ ನಿನ್ನ ಕೈಗೆ ಒಬ್ರ ಮುಖ ಕೊಡಲ್ಲ ನಾನು."

ತಮ್ಮ ಪ್ಲಾಸ್ಟರು ಮೆತ್ತಿದ ಏಪ್ರನ್ ಬಿಚ್ಚಿ ಮೊಳೆಗೆ ನೇತುಹಾಕಿ, ಚಪ್ಪಲಿ ಮೆಟ್ಟಿ ಹೊರಟೇಹೋದ. ಆ ವಾರದಲ್ಲೇ ಪಕ್ಕದ ಊರಿನ ಸ್ಟುಡಿಯೋದಲ್ಲಿ ಕೆಲಸಕ್ಕೆ ಸೇರಿದನೆಂಬ ಸುದ್ದಿ ಬಂತು. ಗುರುತಿನ ಚೀಟಿಗೆ ಫೋಟೋ ಹಿಡಿಯುವ ಕೆಲಸ. ಅಲ್ಲಿ ಯಾರೂ ನಗುವಂತಿಲ್ಲ.

ಈಗ ಆ ಕ್ಯಾಮೆರಾದ ಗುಣಗಾನ. ಅಂಗೈಯಷ್ಟಗಲ, ಅಂಗಿಯ ಜೇಬಿಗೆ ಹಗುರ. ಗುಂಡಿ ಹೆಸರಿಗೊಂದು, ಉಳಿದದ್ದೆಲ್ಲ ಪರದೆ. ಪರದೆಯಲ್ಲಿ ಯಾವ ಹಲ್ಲನ್ನು ಮುಟ್ಟುತ್ತೀರೋ ಆ ಹಲ್ಲು ಕನ್ನಡಿಯಷ್ಟು ಸ್ಪಷ್ಟ, ಮುಟ್ಟಿದ್ದೇ ಚಿತ್ರ. ದೊಡ್ಡ ಕ್ಯಾಮೆರಾ ಕಂಡರೆ ತುಟಿ ಬಿಗಿಯುವವರು ಇದನ್ನು ಕಂಡು ಸಲೀಸಾಗಿ ಬಾಯಿ ಬಿಡುತ್ತಿದ್ದರು. ಪೊಲೀಸರಿಗೆ ಲಾಠಿಯಿಂದಲೂ ಆಗದ ಕೆಲಸ.

ದೋಷಗಳಿಗೂ ಬರವಿರಲಿಲ್ಲ. ಬಿಸಿಲಿಗೆ ಹಿಡಿದರೆ ಪರದೆಯಲ್ಲಿ ಹಿಡಿದವನ ಮೂತಿಯೇ ಕಾಣುತ್ತಿತ್ತು. ಕಣ್ಣಿಟ್ಟು ನೋಡಲು ಕಿಂಡಿಯಿಲ್ಲ. ಬ್ಯಾಟರಿ ಮಧ್ಯಾಹ್ನದ ಊಟಕ್ಕೆ ಮೊದಲೇ ನಿದ್ದೆ ಹೋಗುತ್ತಿತ್ತು. ಒದ್ದೆ ಕೈ ತಗುಲಿದರೆ ಹುಚ್ಚಾಟ. ಕೈಗವಸು ಹಾಕಿದ ಬೆರಳನ್ನು ಅದು ಮನುಷ್ಯರ ಬೆರಳೆಂದೇ ಒಪ್ಪುತ್ತಿರಲಿಲ್ಲ. ಎಲ್ಲಕ್ಕಿಂತ ಹೆಚ್ಚಿನ ಅವಮಾನ ಹಲ್ಲಣ್ಣನಿಗೆ. ಪ್ಲಾಸ್ಟರು ಕಲಸಿ ಕಲಸಿ, ಉಜ್ಜುವ ಚಕ್ರಕ್ಕೆ ಕೊಟ್ಟು ಕೊಟ್ಟು, ಅವನ ಬೆರಳ ತುದಿ ಒಣಗಿದ ತೊಗಟೆಯಂತಾಗಿತ್ತು. ಒತ್ತಿದ, ತಟ್ಟಿದ, ಕುಟ್ಟಿದ. ಪರದೆ ಜಪ್ಪಯ್ಯ ಎನ್ನಲಿಲ್ಲ. ಕ್ಯಾಮೆರಾ ಅಣ್ಣನದು, ಅದು ಕೇಳುತ್ತಿದ್ದದ್ದು ತಮ್ಮನ ಮಾತು.

ಆದರೂ ಅದನ್ನು ಕೂಸಿನಂತೆ ನೋಡಿಕೊಂಡವನು ಹಲ್ಲಣ್ಣನೇ. ಧೂಳು ಹೊಕ್ಕರೆ ಕೆಟ್ಟಿತು ಎಂದು ಮಾರಿದವನು ಹೇಳಿದ್ದ. ಹಲ್ಲಣ್ಣನ ಅಂಗಡಿಯಲ್ಲಿ ಧೂಳಲ್ಲದೆ ಬೇರೇನಿತ್ತು? ಊದುವುದು, ಒರೆಸುವುದು, ಬಟ್ಟೆ ಸುತ್ತುವುದು — ಅದಕ್ಕೆ ಸಿಕ್ಕಿದ ಉಪಚಾರ ಆ ಮನೆಯಲ್ಲಿ ಇನ್ನಾರಿಗೂ ಸಿಕ್ಕಿರಲಿಲ್ಲ.

ಫೋಟೋ ಇಲ್ಲದೆ ಹಲ್ಲಣ್ಣ ಅಂದಾಜಿನಲ್ಲೇ ಸೆಟ್ ಕಟ್ಟಿದ. ಅಂದವಾಗಿಯೇ ಕಟ್ಟಿದ. ಸಾಲಾಗಿ, ಸಮವಾಗಿ, ಪರೇಡಿಗೆ ನಿಂತಂತೆ. ಇನ್ಸ್‌ಪೆಕ್ಟರಮ್ಮ ಹಾಕಿಕೊಂಡು ಹೋದರು.

ವಾರ ಕಳೆದು ಮತ್ತೆ ಬಂದರು. ಕೂರಲಿಲ್ಲ.

"ಹೇಗಿದೆ ಮೇಡಂ? ಎಲ್ಲಾದ್ರೂ ಒತ್ತುತ್ತಾ?"

"ಬಾಯಲ್ಲಿ ಒತ್ತಲ್ಲ." ಅವರು ಬಾಗಿಲಾಚೆ ನೋಡಿದರು. "ನಮ್ಮ ಯಜಮಾನ್ರಿಗೆ ಮರೆವು, ನಿಮಗೆ ಗೊತ್ತಲ್ಲ. ಕನ್ನಡಕದ ಅಂಗಡಿ ಇಟ್ಟಿದ್ದೋರು. ಕಣ್ಣು ಇವತ್ತಿಗೂ ಚೆನ್ನಾಗಿದೆ. ಕಾಣ್ತಿರೋದು ಯಾರು ಅನ್ನೋದೇ ಗೊತ್ತಾಗಲ್ಲ. ಮಗಳನ್ನ ಮರೆತ್ರು, ಮನೆ ಮರೆತ್ರು. ನನ್ನ ಮಾತ್ರ ಬಿಟ್ಟಿರಲಿಲ್ಲ. ನಾನು ನಕ್ಕರೆ ಸಾಕು, 'ಬಂದ್ಯಾ?' ಅನ್ನೋರು. ನನ್ನ ಮುಂದಿನ ಹಲ್ಲೊಂದು ಪಕ್ಕದ್ದರ ಮೇಲೆ ಹತ್ತಿ ಕೂತಿತ್ತು. ಅದನ್ನ ನೋಡಿ. ಕಿತ್ತ ಮೇಲೂ 'ಎಲ್ಲಿ ಬೀಳಿಸ್ಕೊಂಡು ಬಂದ್ಯೇ' ಅಂತ ತಮಾಷೆ ಮಾಡ್ತಿದ್ರು. ಈ ಸೆಟ್ ಹಾಕ್ಕೊಂಡು ಎದುರು ಹೋಗಿ ನಕ್ಕೆ, ನೋಡಿ..."

"ಏನಂದ್ರು?"

"ಎದ್ದು ನಿಂತು ಕುರ್ಚಿ ಎಳೆದ್ರು. 'ಕೂತ್ಕೊಳ್ಳಿ ಮೇಡಂ, ನಮ್ಮ ಮನೆಯವಳು ಡ್ಯೂಟಿಯಿಂದ ಬರೋ ಹೊತ್ತಾಯ್ತು' ಅಂದ್ರು."

ಹಲ್ಲಣ್ಣನ ಕೈಯಲ್ಲಿದ್ದ ಮೇಣದ ಚಾಕು ಅಲ್ಲೇ ನಿಂತಿತು.

"ಸೆಟ್ ತೆಗೆದಿಟ್ಟೆ. ಆಮೇಲೂ ಮೇಡಂ ಅಂತಾನೇ ಕರೀತಾರೆ. ಜನ್ಮಪೂರ್ತಿ 'ಏನೇ' ಅಂದೋರು. ಡಾಕ್ಟ್ರು ಹೇಳಿದ್ದಾರೆ, ಇದು ದಿನದಿಂದ ದಿನಕ್ಕೆ ಇಳಿಯೋ ಕಾಯಿಲೆ, ತಡ ಮಾಡಬೇಡಿ ಅಂತ. ಅದಕ್ಕೇ ಬಂದೆ. ನನಗೆ ಆ ಹಲ್ಲು ಬೇಕು. ಹಲ್ಲಿಗೆ ಫೋಟೋ ಬೇಕು. ನನ್ನ ನಗು ಕಳುವಾಗಿದೆ, ನಾನೇ ದೂರು ಕೊಡ್ತಿದ್ದೀನಿ, ನಾನೇ ತನಿಖೆ ಮಾಡ್ತೀನಿ. ಕ್ಯಾಮೆರಾ ತನ್ನಿ."

ಆಗ ಕುರ್ಚಿ ಎಳೆದುಕೊಂಡು ಕೂತರು. ಹಲ್ಲಣ್ಣನೂ ಕೂತ. ಅವನ ಅಂಗಡಿಯಲ್ಲಿ ಅವನೇ ಠಾಣೆಗೆ ಬಂದವನಂತೆ ಕೂತ.

"ಫೋಟೋ ತೆಗೆದ ಬೆಳಿಗ್ಗೆ ನೀವೆಲ್ಲಿದ್ರಿ?"

"ಡಾಕ್ಟ್ರ ಹತ್ರ. ಒಬ್ರ ಸೆಟ್ ಕೊಡೋಕೆ ಬೇಗ ಹೋಗಿದ್ದೆ. ಅಂಗಡಿ ತೆಗೆದದ್ದು ತಮ್ಮ."

"ವಾಪಸ್ ಬಂದಾಗ ನಾನಿದ್ನಾ?"

"ಇಲ್ಲ. ನೀವು ಕೀಳಿಸ್ಕೊಳ್ಳೋಕೆ ಹೊರಟಿದ್ರಿ."

"ಬಂದು ಏನ್ ಮಾಡಿದ್ರಿ?"

"ಏನಿದೆ? ಕೈ ತೊಳೆದೆ, ಕೆಲಸಕ್ಕೆ ಕೂತೆ."

"ಅಷ್ಟೇನಾ?"

"ಅಷ್ಟೇ ಮೇಡಂ."

"ಕ್ಯಾಮೆರಾ ಮುಟ್ಟಿದ್ರಾ?"

"ಮುಟ್ಟಿದ್ರೂ ಅದು ನನ್ನ ಮಾತು ಕೇಳಲ್ಲ, ನೋಡಿ." ಪರದೆಯ ಮೇಲೆ ಬೆರಳಿಟ್ಟು ಗೀಚಿದ. ಪರದೆ ತಣ್ಣಗೆ ಮಲಗಿತ್ತು. "ಅಳಿಸಬೇಕು ಅಂದ್ರೂ ನನ್ನಿಂದಾಗಲ್ಲ."

"ಹೌದು. ಅಳಿಸೋಕೆ ನಿಮ್ಮಿಂದಾಗಲ್ಲ," ಎಂದು ಇನ್ಸ್‌ಪೆಕ್ಟರಮ್ಮ ನಿಧಾನವಾಗಿ ಹೇಳಿದರು. "ನಿಮ್ಮ ಮನೆಯವ್ರನ್ನ ಕರೀರಿ."

ಹಲ್ಲಣ್ಣನ ಹೆಂಡತಿ ಒಳಮನೆಯಿಂದ ಕತ್ತರಿ ಹಿಡಿದೇ ಬಂದಳು. ದಿಂಬಿನ ಕವರು ಹೊಲಿದು ಮಾರುವವಳು. ಹೊಸ ಕವರಿನ ಫೋಟೋಗೆ ಆಗಾಗ ಅದೇ ಕ್ಯಾಮೆರಾ ಎತ್ತಿಕೊಳ್ಳುತ್ತಿದ್ದಳು.

"ನಿಮ್ಮ ಕೈ ತಪ್ಪಿ ಅಳಿಸಿಹೋಗಿರಬಹುದಾ?"

"ತಪ್ಪಿ ಅಳಿಸೋಕೆ ಅದು ಬಿಡಲ್ಲ ಮೇಡಂ. ಅಳಿಸ್ಲಾ ಬೇಡ್ವಾ ಅಂತ ಒಂದ್ಸಲ ಕೇಳುತ್ತೆ. ನಮ್ಮನೆಯವ್ರಿಗಿಂತ ವಾಸಿ. ಇವ್ರು ಒಡಹುಟ್ಟಿದೋನನ್ನ ಕೇಳದೇನೇ ಅಳಿಸಿಬಿಟ್ರು."

"ಲೇ..." ಎಂದ ಹಲ್ಲಣ್ಣ.

"ಲೇ ಅಂದ್ರೆ? ಮೈದುನನ ತಟ್ಟೆ ಇವತ್ತಿಗೂ ಕೈ ತಪ್ಪಿ ಇಡ್ತೀನಿ ರೀ ನಾನು. ಅದನ್ನ ಯಾರು ಕೇಳ್ತಾರೆ?"

ಇನ್ಸ್‌ಪೆಕ್ಟರಮ್ಮ ಕೈಯೆತ್ತಿದರು. ಟ್ರಾಫಿಕ್ ನಿಲ್ಲಿಸುತ್ತಿದ್ದ ಕೈ. ಇಬ್ಬರೂ ನಿಂತರು.

"ಈ ಕ್ಯಾಮೆರಾ ರಾತ್ರಿ ಎಲ್ಲಿರುತ್ತೆ?"

"ಆ ಗೂಡಲ್ಲಿ. ಇವ್ರು ಮಲಗಿಸಿ ಬರ್ತಾರೆ," ಎಂದಳು ಹೆಂಡತಿ. "ಒರೆಸಿ, ಊದಿ, ಒಳಗಿಂದೆಲ್ಲ ಬಿಚ್ಚಿ ಡಬ್ಬಿಗೆ ಹಾಕಿ. ಊರೋರಿಗೆಲ್ಲ ರಾತ್ರಿ ಸೆಟ್ ಬಿಚ್ಚಿ ಡಬ್ಬೀಲಿಡಿ ಅಂತ ಹೇಳಿ ಹೇಳಿ, ಇವ್ರಿಗೆ ಬಿಚ್ಚೋ ಅಂಥದ್ದು ಏನ್ ಕಂಡ್ರೂ ಡಬ್ಬೀನೇ."

ಇನ್ಸ್‌ಪೆಕ್ಟರಮ್ಮ ಎದ್ದು ಗೂಡಿನ ಬಳಿ ಹೋದರು. ಸುತ್ತಿಟ್ಟ ಬಟ್ಟೆ. ಪಕ್ಕದಲ್ಲಿ ಹಲ್ಲುಸೆಟ್ ಇಡುವ ಗುಲಾಬಿ ಡಬ್ಬಿ. ಉಳಿದ ಡಬ್ಬಿಗಳ ಮೇಲೆಲ್ಲ ಗಿರಾಕಿಯ ಹೆಸರಿತ್ತು. ಇದರ ಮೇಲಿರಲಿಲ್ಲ. ತೆರೆದು ನೋಡಿದರು. ಖಾಲಿ. ಮೂಸಿ ನೋಡಿದರು. ಮುಚ್ಚಿದರು.

"ತಮ್ಮನಿಗೆ ಫೋನ್ ಹಚ್ಚಿ."

"ನಾನಾ? ನನ್ನ ಫೋನ್ ಎತ್ತಲ್ಲ ಅವ್ನು."

"ಹಚ್ಚಿದ್ರಾ?"

ಹೆಂಡತಿಯೇ ಹಚ್ಚಿ, ಸ್ಪೀಕರ್ ಹಾಕಿ, ಮೇಜಿನ ಮೇಲಿಟ್ಟಳು. ತಮ್ಮನ ದನಿ ಪ್ಲಾಸ್ಟರು ದವಡೆಗಳ ನಡುವಿಂದ ಬಂತು.

"ಹೇಳಿ ಅತ್ತಿಗೆ."

"ನಾನಪ್ಪ, ಇನ್ಸ್‌ಪೆಕ್ಟರಮ್ಮ. ಅವತ್ತು ಬೆಳಿಗ್ಗೆ ಆಗಿದ್ದು ಇನ್ನೊಂದ್ಸಲ ಹೇಳು. ಬಿಡದ ಹಾಗೆ."

"ಏನಿದೆ ಮೇಡಂ... ನೀವು ಬಾಯೇ ಬಿಡಲಿಲ್ಲ. ಎರಡು ಸಲ ತಟ್ಟಿದೆ, ಬರೀ ತುಟಿ ಬಂತು. ನಿಮ್ಮ ಹಿಂದೆ ನಿಂತಿದ್ರಲ್ಲ ಯಜಮಾನ್ರು, ಅವ್ರು ಅಂದ್ರು: 'ಏನೇ, ಒಳಗೆ ಹಾಕಿರೋರನ್ನ ಒಂದ್ಸಲ ಹೊರಗೆ ಬಿಡೇ, ಜಾಮೀನು ನಾನು ನಿಲ್ತೀನಿ.' ನೀವು ನಕ್ಕುಬಿಟ್ರಿ. ಆಗ ಪಟಪಟ ಅಂತ ತೆಗ್ದೆ. ಒಂದರಲ್ಲಿ ಅವ್ರೂ ಇದ್ರು."

ಇನ್ಸ್‌ಪೆಕ್ಟರಮ್ಮ ಕರವಸ್ತ್ರ ಮಡಚಿದರು, ಬಿಡಿಸಿದರು.

"ಆಮೇಲೆ?"

"ಇನ್ನೊಂದು ತೆಗೆಯೋಣ ಅಂತ ತಟ್ಟಿದೆ. ತುಂಬಿದೆ ಅಂತು."

"ತುಂಬಿದೆ ಅಂತಾನೇ ಅಂತಾ? ಖಂಡಿತ?"

"ಯಾರೂ ನಂಬಲ್ಲ ಬಿಡಿ ಮೇಡಂ. ನಂಬೋ ಹಾಗಿದ್ದಿದ್ರೆ ನಾನು ಇಲ್ಲಿ ಇರ್ತಿರಲಿಲ್ಲ."

"ನಾನು ನಂಬ್ತೀನಿ. ಫೋನ್ ಇಡಬೇಡ, ಕೇಳಿಸ್ಕೊ."

ಇನ್ಸ್‌ಪೆಕ್ಟರಮ್ಮ ಹಲ್ಲಣ್ಣನ ಎದುರು ಬಂದು ಕೂತರು.

"ಸುಳ್ಳು ಹೇಳೋರು ನಂಬೋ ಹಾಗೆ ಹೇಳ್ತಾರೆ ಹಲ್ಲಣ್ಣ. ಅದಕ್ಕೇ ತಾನೇ ಸುಳ್ಳು ಹೇಳೋದು? ಕೈ ಜಾರಿತು ಅನ್ನಬಹುದಿತ್ತು, ಬ್ಯಾಟರಿ ಹೋಯ್ತು ಅನ್ನಬಹುದಿತ್ತು. ಯಾರೂ ನಂಬದೇ ಇರೋ ಮಾತನ್ನ ಹಿಡ್ಕೊಂಡು, ಅದಕ್ಕೋಸ್ಕರ ಮನೆ ಬಿಟ್ಟು ಹೋದ ಅಂದ್ರೆ, ಆ ಮಾತು ನಿಜ. ನೀವು ಅದನ್ನೇ ಸುಳ್ಳಿಗೆ ಸಾಕ್ಷಿ ಮಾಡ್ಕೊಂಡ್ರಿ. ನಿಜಕ್ಕೆ ಇದ್ದದ್ದು ಅದೊಂದೇ ಸಾಕ್ಷಿ."

"ಆದ್ರೆ ಕಾರ್ಡ್ ತುಂಬಿರಲಿಲ್ವಲ್ಲ ಮೇಡಂ!"

"ತುಂಬಿರಲಿಲ್ಲ. ಹಾಗಾದ್ರೆ ತುಂಬಿದ್ದು ಏನು? ನಾಲ್ಕೈದು ಫೋಟೋಗೆ ತುಂಬೋ ಅಂಥ ಇನ್ನೇನೋ ಪುಟ್ಟದು. ಈಗ ಹೇಳಿ, ರಾತ್ರಿ ಈ ಡಬ್ಬಿಗೆ ಏನು ಬಿಚ್ಚಿ ಹಾಕ್ತೀರಿ?"

ಹಲ್ಲಣ್ಣ ಡಬ್ಬಿಯತ್ತ ನೋಡಿದ.

"ಕಾರ್ಡು," ಎಂದ. "ಧೂಳು ಹೋಗುತ್ತೆ ಅಂತ."

"ತಮ್ಮನಿಗೆ ಗೊತ್ತಾ?"

"ಮೊದ್ಲು ನೋಡಿ ನಗ್ತಿದ್ದ. 'ಅದೇನ್ ಹಲ್ಲುಸೆಟ್ಟಾ ಅಣ್ಣ' ಅಂತ. ಆಮೇಲೆ ಅವ್ನು ಮಲಗಿದ ಮೇಲೆ ತೆಗೀತಿದ್ದೆ. ಬೆಳಿಗ್ಗೆ ಅವ್ನು ಏಳೋ ಮುಂಚೆ ಹಾಕಿಡ್ತಿದ್ದೆ."

"ಆ ಬೆಳಿಗ್ಗೆ?"

ಹಲ್ಲಣ್ಣ ಕಣ್ಣು ಮುಚ್ಚಿದ. ಡಾಕ್ಟರ ಬಳಿಗೆ ಹೋಗುವ ಅವಸರ. ವಾಪಸ್ ಬಂದದ್ದು. ಕೈ ತೊಳೆದದ್ದು. ಗೂಡಿನ ಬಳಿ ಹೋದದ್ದು. ಡಬ್ಬಿ. ಟಕ್. ದಿನಾ ಮಾಡುವ ಕೆಲಸ, ಹಲ್ಲುಜ್ಜಿದಂತೆ. ಉಜ್ಜಿದ್ದನ್ನು ಯಾರು ನೆನಪಿಡುತ್ತಾರೆ?

ಇನ್ಸ್‌ಪೆಕ್ಟರಮ್ಮ ಕ್ಯಾಮೆರಾ ಮಗುಚಿ, ಅಡಿಯ ಮುಚ್ಚಳ ತೆರೆದು, ಉಗುರಿನಿಂದ ಒತ್ತಿದರು. ಕಾರ್ಡು ಪುಟಿದು ಹೊರಬಂತು. ಅದನ್ನು ಗುಲಾಬಿ ಡಬ್ಬಿಗೆ ಹಾಕಿ, ಮುಚ್ಚಳ ಮುಚ್ಚಿ, ಕ್ಯಾಮೆರಾ ಹೊತ್ತಿಸಿದರು.

"ಠಾಣೇಲೂ ಇಂಥದ್ದೊಂದು ಇತ್ತು. ಕಾರ್ಡಿಲ್ಲದೇ ಇದ್ರೂ ಇದು ಫೋಟೋ ಹಿಡಿಯುತ್ತೆ. ಹೊಟ್ಟೇಲಿ ಇದರದ್ದೇ ಒಂದು ಸಣ್ಣ ಜಾಗ ಇದೆ. ತೆಗೆಯೋನಿಗೆ ಗೊತ್ತೇ ಆಗಲ್ಲ, ಅದೇ ಇದರ ಉಪಕಾರ. ಕಾರ್ಡ್ ಹಾಕಿದ ಕೂಡ್ಲೇ ಕಾರ್ಡಿನಲ್ಲಿರೋದು ಮಾತ್ರ ತೋರ್ಸುತ್ತೆ, ಹೊಟ್ಟೇಲಿರೋದನ್ನ ಬಾಯಿ ಬಿಡಲ್ಲ. ಅದೇ ಇದರ ಅಪಕಾರ. ಯಾರೂ ಅಳಿಸಿಲ್ಲ ಹಲ್ಲಣ್ಣ. ಮುಚ್ಚಿಬಿಟ್ರು, ಅಷ್ಟೆ. ಮುಚ್ಚಿದೋರು ನೀವು."

ಪರದೆಯಲ್ಲಿ ಮೊದಲು ಬಿಗಿದ ತುಟಿ ಬಂತು. ಇನ್ಸ್‌ಪೆಕ್ಟರಮ್ಮ ಬೆರಳಾಡಿಸಿದರು. ಮತ್ತೆ ತುಟಿ. ಮತ್ತೆ ಬೆರಳು. ಆಗ ಬಂತು ನಗು. ಒಂದು ಹಲ್ಲು ಪಕ್ಕದ್ದರ ಹೆಗಲ ಮೇಲೆ ಕೈ ಹಾಕಿದಂತೆ ವಾಲಿತ್ತು. ಇಡೀ ಮುಖವೇ ಕಣ್ಣು ಮುಚ್ಚಿಕೊಂಡು ನಗುತ್ತಿತ್ತು. ಹಿಂದೆ, ಸ್ವಲ್ಪ ಮಂಜಾಗಿ, ಯಜಮಾನರು. ಜಾಮೀನು ಕೊಟ್ಟವರ ಹೆಮ್ಮೆಯಲ್ಲಿ.

ಮುಂದಿನದು ನೋಡಲು ಹಲ್ಲಣ್ಣ ಬೆರಳಿಟ್ಟ. ಪರದೆ ಒಪ್ಪಲಿಲ್ಲ. ಮತ್ತೆ ಇಟ್ಟ. ಇಟ್ಟೇ ಇದ್ದ.

"ಸಿಕ್ತಾ ಅತ್ತಿಗೆ?" ಎಂದಿತು ಮೇಜಿನ ಮೇಲಿನ ಫೋನು.

"ಸಿಕ್ತು ಕಣೋ," ಎಂದ ಹಲ್ಲಣ್ಣ. "ತಪ್ಪು ನಂದು. ಬಾರೋ ಮನೆಗೆ."

ಆ ಕಡೆ ತಮ್ಮ ಯಾರಿಗೋ 'ಗಲ್ಲ ಎತ್ತಿ, ನಗಬೇಡಿ' ಎಂದು ಹೇಳುವುದು ಕೇಳಿಸಿತು. ಆಮೇಲೆ ತಮ್ಮ ಮಾತಾಡಿದ.

"ಕೋಪ ಇಲ್ಲ ಅಣ್ಣ. ಬೈದೆ, ಬಿಡು, ನೀನು ಬೈದೇ ಬೆಳೆಸಿದ್ದು. ಆದ್ರೆ ಆವತ್ತು ನೀನು ನನ್ನ ಮುಖ ನೋಡಲಿಲ್ಲ. ಕ್ಯಾಮೆರಾ ನೋಡ್ಕೊಂಡೇ ಮಾತಾಡ್ದೆ. ಇಲ್ಲಿ ಕೆಲಸ ಒಗ್ಗಿದೆ, ನಾನು ಬರಲ್ಲ." ನಿಲ್ಲಿಸಿ, ಮತ್ತೆ ಹೇಳಿದ: "ಆ ವಾಲಿದ ಹಲ್ಲನ್ನ ಕೂದಲೆಳೆಯಷ್ಟು ಮುಂದೆ ಇಡು. ಫೋಟೋದಲ್ಲಿ ಗೊತ್ತಾಗಲ್ಲ. ನಾನು ಕಣ್ಣಾರೆ ನೋಡಿದ್ದೀನಿ."

ಹಲ್ಲಣ್ಣ ಕೂದಲೆಳೆಯಷ್ಟು ಮುಂದೆ ಇಟ್ಟ. ಮೇಣ ಕರಗಿಸಿ, ಮತ್ತೆ ಕೂರಿಸಿ, ಮತ್ತೆ ಕರಗಿಸಿ. ಜನ್ಮದಲ್ಲಿ ಅವನು ಬೇಕೆಂದೇ ಸೊಟ್ಟಗೆ ಕಟ್ಟಿದ ಒಂದೇ ಒಂದು ಸೆಟ್ ಅದು. ಅದಕ್ಕಿಂತ ನೆಟ್ಟಗಿನ ಕೆಲಸ ಅವನು ಮಾಡಿರಲಿಲ್ಲ.

ಸೆಟ್ ತಾನೇ ಹಿಡಿದುಕೊಂಡು ಅವರ ಮನೆಗೆ ಹೋದ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಯಜಮಾನರು ಕೂತಿದ್ದರು, ಹಳೆಯ ಕನ್ನಡಕವೊಂದನ್ನು ಒರೆಸುತ್ತಾ. ಇನ್ಸ್‌ಪೆಕ್ಟರಮ್ಮ ಒಳಗೆ ಹೋಗಿ ಕನ್ನಡಿ ಮುಂದೆ ಸೆಟ್ ಹಾಕಿಕೊಂಡು ಬಂದರು. ಗಂಡನ ಎದುರು ಮಂಡಿಯೂರಿ ಕೂತರು. ನಕ್ಕರು.

ಯಜಮಾನರು ಒರೆಸುವುದನ್ನು ನಿಲ್ಲಿಸಿದರು. ಕನ್ನಡಕ ಹಾಕಿಕೊಂಡರು. ಮುಂದೆ ಬಾಗಿದರು. ಗುರುತು ಹತ್ತಿದ ಬೆಳಕೊಂದು ಮುಖದ ಮೇಲೆ ಮೂಡಿತು. ಬಾಗಿಲಲ್ಲಿ ನಿಂತಿದ್ದ ಹಲ್ಲಣ್ಣ ಒಂದು ಹೆಜ್ಜೆ ಒಳಗಿಟ್ಟ.

"ಈ ಹಲ್ಲು ನನ್ನ ಹೆಂಡ್ತೀದು," ಎಂದರು ಯಜಮಾನರು. ದನಿ ಗಟ್ಟಿಯಾಯಿತು. "ನಿಮ್ಮ ಹತ್ರ ಹೇಗೆ ಬಂತು ಮೇಡಂ?"

ಊರನ್ನೆಲ್ಲ ಪ್ರಶ್ನೆ ಕೇಳಿದ್ದ ಇನ್ಸ್‌ಪೆಕ್ಟರಮ್ಮ ನಗುವನ್ನು ಹಾಗೇ ಹಿಡಿದುಕೊಂಡು, ಹೇಳಿದರು.

"ಇಟ್ಕೊಂಡಿರಿ ಅಂತ ಕೊಟ್ಟು ಹೋಗಿದ್ದಾರೆ ಸಾರ್."

"ಹೌದಾ? ಹಾಗಾದ್ರೆ ಜೋಪಾನ," ಎಂದರು ಅವರು, ಹಿಂದಕ್ಕೆ ಒರಗುತ್ತಾ. "ಬಂದ ತಕ್ಷಣ ಕೊಟ್ಬಿಡಿ. ಅವಳು ನಗೋದೇ ಅಪರೂಪ."